ಬದಿಯಿಂದಲೂ ಕಾಣುವ ಮಾನಿಟರ್

ಅನಂತೇಶನ ಕಂಪ್ಯೂಟರಿಗೆ ಕಾಮಾಲೆ ಬಂದು ಕೆಲವು ವಾರಗಳಾಗಿದ್ದವು. ಪರದೆಯಲ್ಲಿ ಬಿಳಿ ಅನ್ನುವ ಬಣ್ಣವೇ ಉಳಿದಿರಲಿಲ್ಲ, ಎಲ್ಲವೂ ಹಳದಿ. ಬೇರೆ ಯಾವ ಆಫೀಸಿನಲ್ಲಾದರೂ ಇದು ದೊಡ್ಡ ವಿಷಯವಲ್ಲ. ಆದರೆ ಅನಂತೇಶ ಕೂರುತ್ತಿದ್ದದ್ದು ಕಾಪು ಪೇಟೆಯ ಒಂದು ಬಸ್ ಬುಕಿಂಗ್ ಆಫೀಸಿನಲ್ಲಿ. ಅಲ್ಲಿ ಖಾಲಿ ಸೀಟು ಬಿಳಿ, ಬುಕ್ ಆದ ಸೀಟು ಹಳದಿ. ಹಾಗಾಗಿ ಅವನ ಪಾಲಿಗೆ ಮುಂಬೈ ಬಸ್ಸು ಸದಾ ಭರ್ತಿ.

ಸೀಟು ಕೇಳಿಕೊಂಡು ಯಾರು ಬಂದರೂ ಅವನು ಸ್ಟೂಲು ಎತ್ತಿಕೊಂಡು ಪಕ್ಕದ ಮೇಜಿಗೆ ಹೋಗಬೇಕಿತ್ತು. ಪಕ್ಕದ ಮೇಜು ಪ್ರಿಯಂವದಾಳದು. ಅವಳು ಬುತ್ತಿಯ ಡಬ್ಬಿ, ನೀರಿನ ಬಾಟಲಿ ಸರಿಸಿ ಜಾಗ ಮಾಡಿಕೊಡುತ್ತಿದ್ದಳು. ಇಬ್ಬರೂ ಒಂದೇ ಪರದೆಗೆ ತಲೆ ಬಗ್ಗಿಸಿ ಯಾರದೋ ಅಜ್ಜಿಗೆ ಕಿಟಕಿ ಪಕ್ಕದ ಸೀಟು ಹುಡುಕುತ್ತಿದ್ದರು.

ನಿಜ ಹೇಳಬೇಕೆಂದರೆ ಆ ಕಾಮಾಲೆಗೆ ಮದ್ದು ಏನೆಂದು ಅನಂತೇಶನಿಗೆ ಮೊದಲ ದಿನ ಸಂಜೆಯೇ ಗೊತ್ತಾಗಿತ್ತು. ಮಾನಿಟರಿನ ಹಿಂದಿನ ವಯರಿನ ಸ್ಕ್ರೂ ಸಡಿಲವಾಗಿತ್ತು, ಅಷ್ಟೇ. ತಿರುಗಿಸಿ ಬಿಗಿ ಮಾಡಿದ, ಪರದೆ ಬೆಳ್ಳಗಾಯಿತು. ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕೂತ. ಆಮೇಲೆ ಆಚೀಚೆ ನೋಡಿ ಪುನಃ ಸಡಿಲ ಮಾಡಿದ. ಅಂದಿನಿಂದ ದಿನಾ ಬೆಳಿಗ್ಗೆ ಅದನ್ನು ಒಮ್ಮೆ ಸಡಿಲ ಮಾಡುವುದೇ ಅವನ ಮೊದಲ ಕೆಲಸ.

ಅವನನ್ನು ಬೈಯಬೇಡಿ. ವಯಸ್ಸು ಮೂವತ್ತಾರು, ನಾಲಿಗೆ ಮಾತ್ರ ಇನ್ನೂ ಹೈಸ್ಕೂಲಿನಲ್ಲಿತ್ತು. ಪ್ರಿಯಂವದಾಳ ಹತ್ತಿರ ಒಂದೇ ಒಂದು ಪ್ರಶ್ನೆ ಕೇಳಬೇಕಿತ್ತು. ಪ್ರಶ್ನೆ ಏನೆಂದು ನಿಮಗೂ ಗೊತ್ತು. ಕಾಪುವಿನಲ್ಲಿ ಅವನಿಗಿಂತ ಚಿಕ್ಕವರೆಲ್ಲ ಅವನನ್ನು ಅನಂತೇಶಣ್ಣ ಅನ್ನುವವರೇ. ಅವಳೊಬ್ಬಳು ಮಾತ್ರ ಆ ಅಣ್ಣನನ್ನು ಸೇರಿಸದೆ ಬರೀ ಅನಂತೇಶ್ ಅನ್ನುತ್ತಿದ್ದಳು. ಅವನ ಧೈರ್ಯವೆಲ್ಲ ಅದರ ಮೇಲೆ ನಿಂತಿತ್ತು. ಸ್ಟೂಲಿನ ಮೇಲೆ ಇನ್ನು ಸ್ವಲ್ಪ ದಿನ ಕೂತರೆ ಮಾತು ಬಾಯಿಗೆ ಬಂದೇ ಬರುತ್ತದೆ ಎಂದು ನಂಬಿದ್ದ.

ಕೆಡಿಸಿದವರು ಧಣಿ ದಾಮೋದರಣ್ಣ, ಅದೂ ಒಳ್ಳೆಯತನದಿಂದ.

"ಪಾಪ ಮಾರಾಯ, ದಿನವಿಡೀ ಸ್ಟೂಲು ಹೊತ್ತುಕೊಂಡು ತಿರುಗ್ತೀಯಲ್ಲ. ನನಗೆ ನೋಡ್ಲಿಕ್ಕಾಗುದಿಲ್ಲ. ಇವತ್ತೇ ಉಡುಪಿಗೆ ಹೋಗಿ ಹೊಸ ಮಾನಿಟರ್ ತಾ" ಎಂದರು ಬೆಳಿಗ್ಗೆ ಬಂದವರೇ.

"ಬೇಡ ದಾಮೋದರಣ್ಣ, ನನಗೆ ಎಂತ ಕಷ್ಟ ಇಲ್ಲ."

"ನಿನಗಿಲ್ಲ, ಆ ಹುಡುಗಿಗೆ ಕಷ್ಟ. ಪ್ರಿಯಂವದಾ, ನೀನೂ ಹೋಗು. ಇವನಿಗೆ ಬಿಟ್ರೆ ಏನಾದ್ರೂ ಹಾಳುಮೂಳು ತರ್ತಾನೆ. ಕೌಂಟರ್ ನಾನು ನೋಡಿಕೊಳ್ತೇನೆ."

ಒಟ್ಟಿಗೆ ಉಡುಪಿಗೆ! ಅನಂತೇಶನ ಎದೆ ಒಮ್ಮೆ ಕುಣಿಯಿತು. ಅಷ್ಟರಲ್ಲಿ ಮೂಲೆಯಿಂದ ಗ್ಲೋರಿಯಾ ಬಾಯಿ ಎದ್ದು ಸೀರೆ ಕೊಡವಿಕೊಂಡರು. "ತಡೀರಿ, ನಾನೂ ಬರ್ತೇನೆ. ಹೀಗೆಲ್ಲ ವ್ಯಾಪಾರಕ್ಕೆ ದೊಡ್ಡವರು ಒಬ್ಬರು ಬೇಕು."

ಗ್ಲೋರಿಯಾ ಬಾಯಿ ಫೋನಿನಲ್ಲಿ ಬರುವ ಬುಕಿಂಗ್ ನೋಡಿಕೊಳ್ಳುವವರು. ಅವರಿಗೆ ಕಂಪ್ಯೂಟರ್ ಇರಲಿಲ್ಲ. ಮೂಲೆಯಿಂದಲೇ "ಪುಣೆಗೆ ಎರಡು ಉಂಟಾ?" ಎಂದು ಕೂಗಿದರೆ ಎದುರಿನ ಅಂಗಡಿಯವರೂ ತಿರುಗಿ ನೋಡುತ್ತಿದ್ದರು. ಅವರ ನಿಜವಾದ ಕಸುಬು ಮದುವೆ ಕುದುರಿಸುವುದು. ಟಿಕೆಟಿಗೆ ಫೋನ್ ಮಾಡಿದವರ ಮನೆಯಲ್ಲಿ ಮದುವೆಯಾಗದ ಮಗಳಿದ್ದರೆ ಸೀಟಿನ ಜೊತೆ ಅವಳೂ ಬುಕ್ ಆದಂತೆ. ಜಾತಿ ಯಾವುದಾದರೂ ಅವರ ಹತ್ತಿರ ಹುಡುಗಿಯ ಫೋಟೊ ಉಂಟು. ಹತ್ತಾರು ಮನೆಗಳಲ್ಲಿ ದೀಪ ಹಚ್ಚಿಸಿದ ಆ ತಾಯಿಗೆ ಪಕ್ಕದಲ್ಲೇ ನಡೆಯುತ್ತಿದ್ದದ್ದು ಮಾತ್ರ ಕಂಡಿರಲಿಲ್ಲ.

ಬಸ್ಸಿನಲ್ಲಿ ಇಬ್ಬರು ಕೂರುವ ಒಂದು ಸೀಟು ಸಿಕ್ಕಿತು. ಗ್ಲೋರಿಯಾ ಬಾಯಿ ಪ್ರಿಯಂವದಾಳ ಪಕ್ಕ ಕೂತರು. ಅನಂತೇಶ ಕಟಪಾಡಿ, ಉದ್ಯಾವರ ದಾಟಿ ಉಡುಪಿಯವರೆಗೂ ಕಂಬಿ ಹಿಡಿದು ನಿಂತ.

ಉಡುಪಿಯ ಅಂಗಡಿಯಲ್ಲಿ ಅವನು ತನ್ನ ಉಪಾಯ ಶುರು ಮಾಡಿದ. ಯಾವುದನ್ನೂ ಒಪ್ಪದೆ ಸಂಜೆ ಬರಿಗೈಯಲ್ಲಿ ವಾಪಸು ಹೋಗುವುದೇ ಆ ಉಪಾಯ. ಮೊದಲನೆಯದು ತೀರಾ ತೆಳು, ಫ್ಯಾನಿನ ಗಾಳಿಗೆ ಬಿದ್ದೀತು ಎಂದ. ಎರಡನೆಯದರ ಕಾಲು ಸರಿಯಿಲ್ಲ. ಮೂರನೆಯದು ವಿಪರೀತ ಹೊಳೆಯುತ್ತದೆ, ತನ್ನ ಮುಖವೇ ಕಾಣುತ್ತದೆ.

"ಮುಖ ಕಂಡ್ರೆ ಒಳ್ಳೇದಲ್ವಾ? ಕೂದಲು ಬಾಚಿಕೊಳ್ಬಹುದು" ಎಂದರು ಗ್ಲೋರಿಯಾ ಬಾಯಿ.

ಅಂಗಡಿಯವನು ಕೈಮುಗಿದು ಅವರನ್ನು ಮಣಿಪಾಲಕ್ಕೆ ಸಾಗಹಾಕಿದ. ಅಲ್ಲಿನ ಅಂಗಡಿ ಕಾಲೇಜು ಹುಡುಗರಿಗಾಗಿ ಇಟ್ಟದ್ದು. ಗೋಡೆಯ ಉದ್ದಕ್ಕೂ ಮಾನಿಟರುಗಳು, ಎಲ್ಲದರಲ್ಲೂ ಒಂದೇ ಗಿಳಿ ರೆಕ್ಕೆ ಬಡಿಯುತ್ತಿತ್ತು. ರೋಹಿತ್ ಎಂಬ ಸೇಲ್ಸ್‌ಮನ್ ನಗುನಗುತ್ತಾ ಬಂದ. ಗ್ಲೋರಿಯಾ ಬಾಯಿ ನೇರವಾಗಿ ಎಲ್ಲಕ್ಕಿಂತ ದೊಡ್ಡದರ ಎದುರು ನಿಂತರು.

"ಇದು ತಗೋ ಅನಂತೇಶ. ಬಸ್ಸಿನ ಮುಂದಿನ ಗ್ಲಾಸಿನಷ್ಟು ಉಂಟು!"

"ಮೇಜಿಗೆ ಹಿಡಿಸುದಿಲ್ಲ ಬಾಯಿ."

"ಹಾಗಾದ್ರೆ ಈ ಬಾಗಿದ್ದು?"

"ಬಾಗಿದ್ರಲ್ಲಿ ಸೀಟೂ ಬಾಗಿ ಕಾಣ್ತದೆ."

"ಇದು ನೋಡಿ ಸರ್" ಎಂದು ರೋಹಿತ್ ಇಪ್ಪತ್ತನಾಲ್ಕು ಇಂಚಿನ ಒಂದನ್ನು ತೋರಿಸಿದ. ಯಾವ ಊನವೂ ಇಲ್ಲದ ಮಾನಿಟರು. ಅನಂತೇಶ ಬಗ್ಗಿ, ಎದ್ದು, ಮೂಲೆಮೂಲೆ ತಡಕಿದ. ಕೊನೆಗೆ "ಗಿಳಿಯ ಹಸಿರು ಕಣ್ಣಿಗೆ ಚುಚ್ಚುತ್ತದೆ" ಎಂದುಬಿಟ್ಟ. ರೋಹಿತನ ನಗು ಅಲ್ಲಿಗೆ ಮುಗಿಯಿತು.

ಪ್ರಿಯಂವದಾ ಆಗ ಒಂದು ವಿಚಿತ್ರ ಕೆಲಸ ಮಾಡಿದಳು. ಯಾವ ಮಾನಿಟರಿನ ಎದುರೂ ನಿಲ್ಲದೆ ಒಂದೊಂದರ ಬದಿಗೆ ಹೋಗಿ, ಕತ್ತು ಓರೆ ಮಾಡಿ ನೋಡತೊಡಗಿದಳು.

"ಇದು ಬದಿಯಿಂದ ಕಪ್ಪು ಕಾಣ್ತದೆ. ಇದರಲ್ಲಿ ಬಣ್ಣ ಮಾಸ್ತದೆ." ಗಿಳಿಯ ಹಸಿರು ಚುಚ್ಚುವ ಆ ಮಾನಿಟರಿನ ಬಳಿ ನಿಂತಳು. "ಇದು ಚಂದ ಕಾಣ್ತದೆ. ಎಲ್ಲಿಂದ ನೋಡಿದ್ರೂ ಒಂದೇ ಹಾಗೆ."

"ಆದ್ರೆ ಮೇಡಂ, ಬದಿಯಿಂದ ಯಾಕೆ ನೋಡ್ಬೇಕು? ಎದುರು ಕೂತು ನೋಡುದಲ್ವಾ?" ಎಂದು ಕೇಳಿದ ರೋಹಿತ್.

"ಒಬ್ಬರೇ ನೋಡುದಾದ್ರೆ ಅಷ್ಟೇ ಸಾಕು" ಎಂದಳು ಪ್ರಿಯಂವದಾ, ಗಿಳಿಯ ಕಡೆಗೇ ನೋಡುತ್ತ. ಕಿವಿ ಮಾತ್ರ ಕೆಂಪಾಗಿತ್ತು.

ಅನಂತೇಶನಿಗೆ ಅರ್ಥವಾಗಲು ಸ್ವಲ್ಪ ಸಮಯ ಹಿಡಿಯಿತು. ಅರ್ಥವಾದ ಮೇಲೆ ಅವನನ್ನು ಹಿಡಿಯುವವರಿರಲಿಲ್ಲ.

"ಇದೇ ಬೇಕು! ಈಗಲೇ ಕಟ್ಟಿಕೊಡಿ!"

"ಕಣ್ಣಿಗೆ ಚುಚ್ಚುತ್ತದೆ ಹೇಳಿದ್ರಲ್ಲ ಸರ್?"

"ಎಂತ ಚುಚ್ಚುದು? ಅಷ್ಟು ಚಂದದ ಗಿಳಿ ನಾನು ಹುಟ್ಟಿದ ಮೇಲೆ ನೋಡ್ಲಿಲ್ಲ!"

ವಾಪಸು ಬರುವಾಗ ಬಸ್ಸು ಖಾಲಿಯಿತ್ತು. ಪ್ರಿಯಂವದಾಳ ಪಕ್ಕದ ಸೀಟೂ ಖಾಲಿ. ಅನಂತೇಶ ಕೂರಲು ಬಗ್ಗಿದ. "ಏ ಏ, ಪೆಟ್ಟಿಗೆ ಅಲ್ಲಿಡು, ಗ್ಲಾಸು ಒಡೆದೀತು. ಪ್ರಿಯಾ, ಗಟ್ಟಿ ಹಿಡ್ಕೊ" ಎಂದರು ಹಿಂದಿನಿಂದ ಗ್ಲೋರಿಯಾ ಬಾಯಿ. ಕಾಪುವಿನವರೆಗೆ ಪ್ರಿಯಂವದಾ ತಬ್ಬಿಕೊಂಡು ಕೂತದ್ದು ಮಾನಿಟರನ್ನು. ಅನಂತೇಶನಿಗೆ ಅದರ ಮೇಲೂ ಸಿಟ್ಟು ಬರಲಿಲ್ಲ, ಅಂಥ ಖುಷಿಯಲ್ಲಿದ್ದ.

ಆಫೀಸಿನಲ್ಲಿ ಅವನು ವಯರು ಸಿಕ್ಕಿಸುವಾಗ ಅವಳು ಟಾರ್ಚು ಹಿಡಿದು ಹತ್ತಿರ ಬಗ್ಗಿದಳು.

"ಅನಂತೇಶ್."

"ಹಾಂ?"

"ಹೊಸ ವಯರಿಗೆ ಸ್ಕ್ರೂ ಇಲ್ಲ ಅಲ್ವಾ?" ಎಂದಳು ಮೆಲ್ಲಗೆ. "ಇನ್ನು ದಿನಾ ಬೆಳಿಗ್ಗೆ ಸಡಿಲ ಮಾಡುವ ಕೆಲಸ ನಿಮಗೆ ತಪ್ಪಿತು."

ಅನಂತೇಶನ ಕೈಯಲ್ಲಿದ್ದ ವಯರು ಜಾರಿತು. ಇವಳಿಗೆ ಗೊತ್ತಿತ್ತು! ಗೊತ್ತಿದ್ದೂ ದಿನಾ ಡಬ್ಬಿ ಸರಿಸಿ ಜಾಗ ಕೊಟ್ಟಿದ್ದಾಳೆ. ಅಷ್ಟು ದಿನ ಬಾರದ ಮಾತು ಆಗ ಗಂಟಲಿನಿಂದ ಹೊರಟು ನಾಲಿಗೆಯ ತುದಿಗೆ ಬಂತು.

"ಪ್ರಿಯಂವದಾ, ನನಗೆ ನಿಮ್ಮ ಹತ್ತಿರ ಒಂದು..."

"ಓಹೋ, ಬಂತಾ?" ದಾಮೋದರಣ್ಣ ಒಳಗೆ ಬಂದರು. ಅನಂತೇಶ ಗಡಬಡಿಸಿ ವಯರು ಸಿಕ್ಕಿಸಿದ. ಹೊತ್ತಿಕೊಂಡ ಪರದೆಯನ್ನು ದಾಮೋದರಣ್ಣ ಆ ಕಡೆ ಈ ಕಡೆ ನಿಂತು ನೋಡಿದರು. "ಭಾರೀ ಲಾಯ್ಕ ಉಂಟು. ಬದಿಯಿಂದಲೂ ಕಾಣ್ತದಲ್ಲ!"

"ಅದಕ್ಕೇ ಪ್ರಿಯಾ ಇದನ್ನು ಆರಿಸಿದ್ದು" ಎಂದರು ಗ್ಲೋರಿಯಾ ಬಾಯಿ. "ಇಬ್ಬರು ನೋಡ್ಬಹುದು."

"ಎಷ್ಟು ಬುದ್ಧಿ ನೋಡಿ! ಮತ್ತೆ ನೀವು ಮೂಲೆಯಿಂದ ಕೂಗಿ ಗಂಟಲು ಹರ್ಕೊಳ್ಳುದು ಯಾಕೆ ಬಾಯಿ? ಕುರ್ಚಿ, ಫೋನು ಎಲ್ಲ ಇಲ್ಲಿಗೆ ತನ್ನಿ. ಅನಂತೇಶನ ಪಕ್ಕದಲ್ಲೇ ಕೂತು ನೋಡಿ."

ಎರಡು ಮೇಜುಗಳ ನಡುವೆ, ಇಷ್ಟು ದಿನ ಸ್ಟೂಲು ಓಡಾಡಿದ ಜಾಗದಲ್ಲಿ, ಗ್ಲೋರಿಯಾ ಬಾಯಿಯ ಕುರ್ಚಿ ಬಂದು ಕೂತಿತು. ಬಾಯಿ ಅದರ ತುಂಬ ಕೂತರು. ಅನಂತೇಶ ಮತ್ತು ಪ್ರಿಯಂವದಾ ಅವರ ತಲೆಯ ಮೇಲಿನಿಂದ ಒಬ್ಬರನ್ನೊಬ್ಬರು ನೋಡಿದರು. ಇಬ್ಬರಿಗೂ ನಗುವೂ ಬಂತು, ಅಳುವೂ ಬಂತು.

ನಾಲ್ಕು ಗಂಟೆಯ ಮೇಲೆ ಫೋನು ಬರುವುದು ಕಡಿಮೆ. ಗ್ಲೋರಿಯಾ ಬಾಯಿ ತಮ್ಮ ಮೊಬೈಲಿನ ವಾಟ್ಸ್ಯಾಪನ್ನು ಕಂಪ್ಯೂಟರಿಗೆ ಜೋಡಿಸಲು ಹೇಳಿದರು. ಅನಂತೇಶ ಜೋಡಿಸಿದ. ಮರುಕ್ಷಣ ಹೊಸ ಪರದೆಯ ತುಂಬ ಹಸಿರು ಸೀರೆಯುಟ್ಟ ಹುಡುಗಿಯೊಬ್ಬಳು ನಿಂತಿದ್ದಳು.

"ಬಿ.ಎಡ್. ಆಗಿದೆ, ನಿಮ್ಮವರೇ. ಮೊಬೈಲಿನಲ್ಲಿ ಮುಖ ಸರಿ ಕಾಣುದಿಲ್ಲ ಹೇಳಿ ಇಷ್ಟು ದಿನ ನಿನಗೆ ತೋರಿಸ್ಲಿಲ್ಲ. ಈಗ ನೋಡು! ವಯಸ್ಸಾಯ್ತು ಮಾರಾಯ ನಿನಗೆ. ನಿನ್ನದೊಂದು ಮುಗಿಸದೆ ನಾನು ರಿಟೈರ್ ಆಗುದಿಲ್ಲ."

ಅನಂತೇಶ ಹುಡುಗಿಯನ್ನು ನೋಡಲಿಲ್ಲ, ಹೆದರುತ್ತ ಬದಿಯಲ್ಲಿದ್ದ ಪ್ರಿಯಂವದಾಳನ್ನು ನೋಡಿದ. ಅಲ್ಲಿಂದ ಎಲ್ಲ ಚೆನ್ನಾಗಿ ಕಾಣುತ್ತಿತ್ತು. ಸೀರೆಯ ಅಂಚೂ ಕಾಣುತ್ತಿತ್ತು.

"ಇದು ಬೇಡ" ಎಂದಳು ಪ್ರಿಯಂವದಾ.

ಗ್ಲೋರಿಯಾ ಬಾಯಿ ಸಂತೋಷದಿಂದ ತಿರುಗಿದರು. "ಹೌದಾ? ಹೆಂಗಸರಿಗೆ ಬೇಗ ಗೊತ್ತಾಗ್ತದೆ. ಬಾ ಪ್ರಿಯಾ, ನೀನೂ ಆರಿಸ್ಲಿಕ್ಕೆ ಸಹಾಯ ಮಾಡು." ಮುಂದಿನ ಫೋಟೊ ಬಂತು.

"ಇದೂ ಬೇಡ."

"ಡಾಕ್ಟರ್ ಇದು!"

"ಡಾಕ್ಟರ್ ಬೇಡವೇ ಬೇಡ."

ಆಫೀಸು ಮುಚ್ಚುವ ಹೊತ್ತಿಗೆ ಉಡುಪಿ ಮುಗಿದಿತ್ತು, ಮಣಿಪಾಲವೂ ಮುಗಿದಿತ್ತು. ಪ್ರಿಯಂವದಾಳಿಗೆ ಒಬ್ಬಳೂ ಹಿಡಿಸಿರಲಿಲ್ಲ. ಗ್ಲೋರಿಯಾ ಬಾಯಿಯ ಆ ಬದಿಯಲ್ಲಿ ಅವಳು, ಈ ಬದಿಯಲ್ಲಿ ಅನಂತೇಶ. ಕೇಳಬೇಕಾದ ಪ್ರಶ್ನೆಗೆ ಉತ್ತರ ಸಿಕ್ಕಿಬಿಟ್ಟಿತ್ತು, ಪ್ರಶ್ನೆ ಕೇಳಲು ಮಾತ್ರ ದಾರಿ ಇರಲಿಲ್ಲ. ಅವನ ಸಪ್ಪೆ ಮುಖ ನೋಡಿ ಗ್ಲೋರಿಯಾ ಬಾಯಿಗೆ ಕರುಳು ಚುರುಕ್ಕೆಂದಿತು. ಅವನ ಬೆನ್ನು ತಟ್ಟಿದರು.

"ಬೇಜಾರು ಮಾಡ್ಬೇಡ ಮಗಾ. ನಾಳೆ ಬೇಗ ಬಾ. ಕಾರ್ಕಳದವರು ಇಡೀ ಬಾಕಿ ಉಂಟು."