ನಡುಗೆರೆಯಲ್ಲಿ ಅತ್ತೆಯ ತಲೆ

ನಮ್ಮ ಸೋದರತ್ತೆಯ ಎದುರು ತಲೆ ಕೆದರಿಕೊಂಡು ನಿಲ್ಲುವುದು ಅಪಾಯ. ಸೊಂಟಕ್ಕೆ ಸಿಕ್ಕಿಸಿಕೊಂಡ ಬಾಚಣಿಗೆ ಯಾವಾಗ ಹೊರಬರುತ್ತದೋ ಹೇಳಲಾಗದು. ಗುರುತು ಪರಿಚಯ ಬೇಕಿಲ್ಲ, ತಲೆಯೊಂದಿದ್ದರೆ ಸಾಕು. ಮಿಡಿಗೇಶಿ ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸು ತೂಕಡಿಸುತ್ತಿದ್ದಳಂತೆ. ಮಧುಗಿರಿ ಬರುವಷ್ಟರಲ್ಲಿ ಅವಳಿಗೆ ಎರಡು ಜಡೆ! ಎಚ್ಚರವಾಗಿ ಕಿರುಚಿದರೆ, "ಅಲ್ಲಾಡ್ಬೇಡ ಕಣಮ್ಮ, ಇನ್ನೂ ಟೇಪು ಕಟ್ಟಿಲ್ಲ" ಎಂದಳಂತೆ ಅತ್ತೆ.

ಅಜ್ಜಿ ತೀರಿಕೊಂಡ ದಿನವೂ ಅಷ್ಟೇ. ಚಟ್ಟ ಸಿದ್ಧವಾಗಿ ಊರಿಗೆ ಊರೇ ಕಾದು ನಿಂತಿದ್ದರೆ, ಈಕೆ ಬೈತಲೆ ಸೊಟ್ಟಗಾಗಿದೆ ಎಂದು ಹೆತ್ತ ತಾಯಿಯ ತಲೆಯನ್ನು ಮತ್ತೆ ಬಿಚ್ಚಿದಳು. "ಹೋಗೋದು ಮಣ್ಣಿಗೆ, ಮದುವೆಗಲ್ಲ" ಎಂದು ನಮ್ಮ ಕುಲದ ಯಜಮಾನರು ಗದರಿದರು.

"ನಿಮ್ಗೆ ಅಷ್ಟು ಅವಸರ ಇದ್ರೆ ನೀವು ಮುಂದೆ ಹೋಗಿರಿ" ಎಂದಳು ಅತ್ತೆ.

ಹನ್ನೊಂದನೇ ದಿನ ತೊಂದರೆ ಬಂದದ್ದು ನನ್ನ ತಲೆಗೆ. ಅಪ್ಪ ಮೊದಲೇ ತೀರಿಹೋಗಿದ್ದರಿಂದ ಮೊಮ್ಮಗನಾದ ನಾನೇ ತಲೆ ಬೋಳಿಸಿಕೊಂಡು ಅಜ್ಜಿಗೆ ಎಡೆ ಇಡಬೇಕು. ಆದರೆ ಆ ವಾರದ ಭಾನುವಾರವೇ ಕೊರಟಗೆರೆಯಲ್ಲಿ ಹೆಣ್ಣು ನೋಡುವ ಶಾಸ್ತ್ರ. ವಯಸ್ಸು ಮೂವತ್ತಾರು, ಏಳು ಕಡೆ ಬೇಡವೆನಿಸಿಕೊಂಡ ಮುಖ, ಚೆನ್ನಾಗಿದೆ ಎನ್ನಬಹುದಾದದ್ದು ಕೂದಲೊಂದೇ. ನಾಲ್ಕು ಕೂದಲು ಕತ್ತರಿಸಿಕೊಟ್ಟರೆ ಸಾಲದೇ ಎಂದು ಕೇಳಿದೆ. "ತಲೆ ಕೊಡ್ದೆ ಎಡೆ ಇಡಂಗಿಲ್ಲ" ಎಂದರು ಯಜಮಾನರು. ಅಜ್ಜಿ ಎಣ್ಣೆ ತಿಕ್ಕಿ ಬೆಳೆಸಿದ ತಲೆ. ಅವಳಿಗಿಂತ ಇದೇ ಹೆಚ್ಚಾಯಿತೇ? ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಕಳ್ಳಂಬೆಳ್ಳದ ಆಚೆಗಿರುವ ನಮ್ಮೂರಲ್ಲಿ ಹರಿಗೋಲು ಹತ್ತಿದವರೇ ಕಡಿಮೆ. ಅಜ್ಜಿಯನ್ನು ಮಣ್ಣು ಮಾಡಿದ ವಾರದಲ್ಲಿ ಸುರಿದ ಮಳೆಗೆ ಕೆರೆ ತುಂಬಿ, ಸಮಾಧಿಯ ದಾರಿ ನೀರೊಳಗೆ ಸೇರಿತ್ತು. ಮೀನು ಹಿಡಿಯುವವರ ಹರಿಗೋಲೇ ಗತಿ. ಹಿರಿಯರೆಲ್ಲ ಮೊದಲು ದಾಟಿ ಆಚೆ ದಡದಲ್ಲಿ ನಿಂತರು. ಆಮೇಲೆ ನಾನು, ಅತ್ತೆ, ಹುಟ್ಟು ಹಾಕುವವನು ಮತ್ತು ನನ್ನ ತಲೆಗೆಂದೇ ಬಂದಿದ್ದ ಕ್ಷೌರದ ರಂಗಣ್ಣ.

ನಡುನೀರಿಗೆ ಬಂದಾಗ ಅತ್ತೆ ತನ್ನ ತುರುಬು ಬಿಚ್ಚಿದಳು. ಮಂಡಿ ಮುಟ್ಟುವ ಕೂದಲು.

"ರಂಗಣ್ಣ, ನಂದು ತೆಗಿ. ದಡ ಮುಟ್ಟಿದ್ರೆ ಅವ್ರು ಬುಡಾಕಿಲ್ಲ."

"ಮುತ್ತೈದೆ ತಲೆ ಕಣಕ್ಕ. ನನ್ನ ಊರು ಬುಡಿಸ್ತಾರೆ."

ಕಾಲು ಮುರಿದುಕೊಂಡು ಪಾವಗಡದಲ್ಲಿ ಮಲಗಿದ್ದ ಮಾವ ಏನಂದಾರು ಎಂದು ನಾನು ತೊದಲಿದೆ. "ಫೋನ್ ಮಾಡೇ ಬಂದೀನಿ. ಪೋನೀಲೇ, ಹೋದ್ರೋಗ್ಲಿ, ಬೆಳ್ದೇ ಬೆಳೀತದೆ ಅಂದ್ರು" ಎಂದವಳೇ, ರಂಗಣ್ಣನ ಪೆಟ್ಟಿಗೆಯಿಂದ ಕತ್ತರಿ ತೆಗೆದು ಕಿವಿಯ ಪಕ್ಕಕ್ಕೆ ಹಿಡಿದು ಕಚಕಚ ಕತ್ತರಿಸಿಬಿಟ್ಟಳು. "ಈಗ ಅರ್ಧ ಆಯ್ತು. ಹಿಂಗೇ ಬುಡ್ತೀಯೇನು?"

ಬಿಡಲಾಗಲಿಲ್ಲ. ಹುಟ್ಟು ನಿಂತಿತು. ಹರಿಗೋಲು ಬೀಸುವ ಕಲ್ಲಿನಂತೆ ಸುತ್ತತೊಡಗಿತು. ಒಂದೊಂದು ಸುತ್ತಿಗೂ ದಡದ ಮೇಲಿನ ಯಜಮಾನರ ಬಾಯಿ ಇನ್ನಷ್ಟು ತೆರೆದಿರುತ್ತಿತ್ತು. ರಂಗಣ್ಣ ಕೆರೆಯ ನೀರನ್ನೇ ತಟ್ಟಿ, ಸುತ್ತುವ ಹರಿಗೋಲಿನಲ್ಲೇ ಬೋಳಿಸಿದ. ಎರಡು ಕಡೆ ರಕ್ತ ಬಂತು. ಅತ್ತೆ ಅಲ್ಲಾಡಲಿಲ್ಲ. ನಾನು? ಬೇಡವೆನ್ನಲಿಲ್ಲ.

ದಡದಲ್ಲಿ ಅತ್ತೆ ಹೇಳಿದ್ದು ಇಷ್ಟೇ: "ತಲೆ ಕೊಟ್ಟೀನಿ. ನಮ್ಮವ್ವುಂಗೆ ಎಡೆ ಇಡ್ತೀನಿ." ಯಜಮಾನರು ತುಂಬ ಹೊತ್ತು ಆ ತಲೆಯನ್ನು ನೋಡಿ, ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ವಾಪಸ್ಸು ಬರುವಾಗ ಗಾಳಿ ಎದ್ದಿತ್ತು. ಅಭ್ಯಾಸಬಲದಿಂದ ಅತ್ತೆ ಬಾಚಣಿಗೆ ತೆಗೆದು ತನ್ನ ತಲೆಗೆ ಒಯ್ದಳು. ಅಲ್ಲಿ ಏನೂ ಇರಲಿಲ್ಲ. ಬಾಚಣಿಗೆಯನ್ನು ಕೆರೆಯಲ್ಲಿ ಅದ್ದಿದಳು.

"ಈ ಕಡೆ ತಿರುಗ್ಲಾ. ಎಲ್ಲಾ ಕೆದ್ರೋಗದೆ. ಭಾನ್ವಾರ ಹುಡುಗಿ ಮುಂದೆ ಹಿಂಗೇ ಕೂತ್ಕೋಬೇಡ."

ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಅವಳೇ ಗಲ್ಲ ಹಿಡಿದು ಎತ್ತಿ ಬಾಚಿದಳು. ಆಮೇಲೆ ಬೈತಲೆ ಸೊಟ್ಟಗಾಗಿದೆ ಎಂದು ಎಲ್ಲ ಕೆದರಿ, ಮತ್ತೆ ಮೊದಲಿನಿಂದ ಬಾಚಿದಳು.