ನಿಂಗೇಗೌಡರ ಪಾಕ ಮತ್ತು ನನ್ನ ನಡಿಗೆ

ದೊಡ್ಡ ಸಂಕಲ್ಪಗಳೆಂದರೆ ನನಗೆ ಮೊದಲಿನಿಂದಲೂ ಭಯ. ನಾನು ನಾಲೆಯ ಗೇಜು ಓದುವವನು. ಪಾಂಡವಪುರದ ಆಚೆ ಸೇತುವೆಯ ಕೆಳಗೆ ಕಲ್ಲಿನ ಮೇಲೆ ಬಳಿದ ಅಡಿ ಅಂಗುಲಗಳ ಗೆರೆಯಲ್ಲಿ ನೀರು ಎಲ್ಲಿಗೆ ಮುಟ್ಟಿದೆ ಎಂದು ದಿನಾ ಬೆಳಿಗ್ಗೆ ಆರು ಗಂಟೆಗೆ ನೋಡಿ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಇಪ್ಪತ್ತು ವರ್ಷ ಇದನ್ನೇ ಮಾಡಿದವನಿಗೆ ಒಂದು ನಂಬಿಕೆ ಬಂದುಬಿಡುತ್ತದೆ: ಏರುವುದೆಲ್ಲ ಅಂಗುಲ ಅಂಗುಲವಾಗಿಯೇ ಏರುತ್ತದೆ. ದಿನಾ ಒಂದಿಷ್ಟು ಮಾಡಿದರೆ ಮನುಷ್ಯನೂ ಎಲ್ಲಿಗಾದರೂ ಮುಟ್ಟುತ್ತಾನೆ. ನಾನೂ ಮುಟ್ಟಿದೆ. ಎಲ್ಲಿಗೆ ಎಂಬುದನ್ನು ನನ್ನ ಹೆಂಡತಿ ಸಾವಿತ್ರಿ ನೆಂಟರ ಮನೆಗಳಲ್ಲೆಲ್ಲ ತನ್ನ ರೀತಿಯಲ್ಲಿ ಹೇಳಿಕೊಂಡು ಬರುತ್ತಿರುವುದರಿಂದ, ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆದಿಡುವುದು ಒಳ್ಳೆಯದು.

ತೊಂಬತ್ತೈದನೆಯ ಇಸವಿಯ ಶಿವರಾತ್ರಿ ಕಳೆದ ಮೇಲೆ ನನಗೆ ವಿಪರೀತ ಬಾಯಾರಿಕೆ ಶುರುವಾಯಿತು. ಸಾವಿತ್ರಿ ನನ್ನನ್ನು ಊರಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಅವರು ಗಾಜಿನ ನಳಿಗೆಯಲ್ಲಿ ನೀಲಿ ದ್ರಾವಣಕ್ಕೆ ನನ್ನ ಮೂತ್ರದ ಎಂಟು ಹನಿ ಹಾಕಿ ಸ್ಪಿರಿಟ್ ದೀಪದ ಮೇಲೆ ಹಿಡಿದರು. ನೀಲಿ ಹಸಿರಾಯಿತು. “ಸಕ್ಕರೆ ಹೆಚ್ಚಿದಷ್ಟೂ ಬಣ್ಣ ಕೆಂಪಿನತ್ತ ಹೋಗುತ್ತದೆ. ಹಸಿರೆಂದರೆ ಸಕ್ಕರೆ ಕಾಯಿಲೆ ಬಾಗಿಲಲ್ಲಿ ನಿಂತಿದೆ, ಇನ್ನೂ ಒಳಗೆ ಬಂದಿಲ್ಲ,” ಎಂದರು. ಸಿಂಧಘಟ್ಟದಲ್ಲಿದ್ದ ನಮ್ಮಪ್ಪನಿಗೆ ಇದೇ ಕಾಯಿಲೆ. ಗದ್ದೆಯ ಬದುವಿನಲ್ಲಿ ಚುಚ್ಚಿದ ಒಂದು ಜಾಲಿ ಮುಳ್ಳಿಗೆ ಎಡಗಾಲಿನ ಎರಡು ಬೆರಳು ಹೋದವು. ಆ ಕಾಲಿಗೆ ಸಾವಿತ್ರಿಯೇ ಬಟ್ಟೆ ಕಟ್ಟುತ್ತಿದ್ದಳು. ಹಸಿರು ಬಣ್ಣ ಕಂಡಾಗಿನಿಂದ ಅವಳು ನನ್ನ ಚಪ್ಪಲಿಯನ್ನೇ ನೋಡುತ್ತಿದ್ದಳು.

ಡಾಕ್ಟರು ಬುದ್ಧಿವಂತರು. “ಒಮ್ಮೆಲೇ ಎಲ್ಲ ಬಿಡಲು ಹೋಗಬೇಡಿ, ನಿಲ್ಲುವುದಿಲ್ಲ. ದಿನಾ ಮಾಡುವ ಕೆಲಸಕ್ಕೆ ಒಂದು ಸಣ್ಣ ಅಭ್ಯಾಸವನ್ನು ಗಂಟುಹಾಕಿ. ಎರಡು ತಿಂಗಳು ತಪ್ಪಿಸದೆ ಮಾಡಿ, ಆಮೇಲೆ ಅದೇ ನಿಮ್ಮನ್ನು ಎಳೆದುಕೊಂಡು ಹೋಗುತ್ತದೆ,” ಎಂದರು. ನಾನು ಸೈಕಲ್ಲನ್ನು ಗೋಡೆಗೆ ಒರಗಿಸಿ, ಮನೆಯಿಂದ ಗೇಜಿನವರೆಗೆ ಎರಡು ಮೈಲಿ ನಾಲೆ ಏರಿಯ ಮೇಲೆ ನಡೆದೇ ಹೋಗುವುದೆಂದು ತೀರ್ಮಾನಿಸಿದೆ. ನಡೆದ ದಿನಕ್ಕೆ ಕ್ಯಾಲೆಂಡರಿನಲ್ಲಿ ಕೆಂಪು ಗೆರೆ. ಸಾವಿತ್ರಿ ಕಾಫಿಗೆ ಸಕ್ಕರೆ ನಿಲ್ಲಿಸಿದಳು.

ಸೈಕಲ್ಲಿನಲ್ಲಿ ಹೋಗುವಾಗ ಗಮನಕ್ಕೆ ಬಾರದ ಒಂದು ಸಂಗತಿ ನಡೆಯುವವನಿಗೆ ಗೊತ್ತಾಗುತ್ತದೆ. ಅರ್ಧ ದಾರಿಯಲ್ಲಿ, ಏರಿಗೆ ಅಂಟಿಕೊಂಡಂತೆ, ನಿಂಗೇಗೌಡರ ಆಲೆಮನೆ. ಬೆಳಗಿನ ಜಾವಕ್ಕೇ ಗಾಣ ತಿರುಗುತ್ತಿರುತ್ತದೆ, ಕೊಪ್ಪರಿಗೆಯಲ್ಲಿ ಪಾಕ ಕುದಿಯುತ್ತಿರುತ್ತದೆ. ಬೆಲ್ಲ ಮಾಡುವ ಜಾಗದ ಮುಂದೆ ನಡೆದು ಹೋದವರನ್ನು ಕಬ್ಬಿನ ಹಾಲು ಕುಡಿಸದೆ ಕಳಿಸಬಾರದು, ಕಳಿಸಿದರೆ ಪಾಕ ಕೆಡುತ್ತದೆ ಎನ್ನುವುದು ನಮ್ಮ ಕಡೆಯ ನಂಬಿಕೆ. ಮೂರು ದಿನ ನಾನು ಕೈಮುಗಿದು ದಾಟಿದೆ. ನಾಲ್ಕನೆಯ ದಿನ ಗೌಡರು ಏರಿ ಹತ್ತಿ ದಾರಿಗೆ ಅಡ್ಡ ನಿಂತರು.

“ಅಲ್ಲ ಕಣಿ ಗೇಜಪ್ಪಾರೆ, ಮೂರ್ ದಿನದಿಂದ ಬರಿಗಂಟ್ಲಲ್ಲಿ ಓಯ್ತಾ ಇದೀರಿ. ನೆನ್ನೆ ಒಂದ್ ಕೊಪ್ಪರಿಗೆ ಪಾಕ ಅಂಗೇ ಅಂಟಂಟಾಗಿ ಕೂತ್ಬುಡ್ತು. ಅಚ್ಚೇ ಕಟ್ನಿಲ್ಲ.”

“ನಂಗೆ ಸಕ್ರೆ ಕಾಯ್ಲೆ ಸುರುವಾಗೋ ಅಂಗದೆ ಗೌಡ್ರೆ.”

“ಸಕ್ರೆ ಯಾರ್ ಕೊಟ್ರು ನಿಮ್ಗೆ? ಇದು ಗದ್ದೇಲಿ ಬೆಳ್ದಿರೋದು.”

ಹಿಂದೆ ಒಲೆಗೆ ಸಿಪ್ಪೆ ತಳ್ಳುತ್ತಿದ್ದವರೂ, ಕಬ್ಬು ಹೊತ್ತು ತಂದವರೂ ಕೆಲಸ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಒಂದು ಕೊಪ್ಪರಿಗೆ ಬೆಲ್ಲ ಕೆಡಿಸಿದವನನ್ನು ಹೇಗೆ ನೋಡುತ್ತಾರೋ ಹಾಗೆ. ನಾನು ಕೈ ಚಾಚಿದೆ. ಶುಂಠಿ, ನಿಂಬೆ ಹಿಂಡಿದ ದೊಡ್ಡ ಲೋಟ. ಕುಡಿದೆ. ಆವತ್ತು ಪಾಕ ಚೆನ್ನಾಗಿ ಬಂತಂತೆ.

ಡಾಕ್ಟರು ಹೇಳಿದ್ದು ನಿಜ. ಅಭ್ಯಾಸಕ್ಕೆ ಅಭ್ಯಾಸವನ್ನು ಗಂಟುಹಾಕಿದರೆ ಬಿಚ್ಚುವುದಿಲ್ಲ. ಹತ್ತನೆಯ ದಿನದ ಹೊತ್ತಿಗೆ ನನ್ನ ತಲೆ ಕಾಣುತ್ತಲೇ ಲೋಟ ತುಂಬುತ್ತಿತ್ತು. ಹದಿನೈದನೆಯ ದಿನದಿಂದ, ಗೇಜು ಓದಿ ವಾಪಸು ಬರುವಾಗ ಬಿಸಿ ಬೆಲ್ಲ, ಜೊತೆಗೆ ಕೊಬ್ಬರಿ ಚೂರು. ನಾನು ಪ್ರಯತ್ನಿಸಲಿಲ್ಲವೆಂದಲ್ಲ. ಒಂದು ದಿನ ಆಚೆ ದಡದಲ್ಲಿ ಹೋದೆ. ಅಲ್ಲಿ ಎರಡು ಆಲೆಮನೆ, ಒಂದು ನಿಂಗೇಗೌಡರ ಷಡ್ಡಕನದು. ಮಾರನೆಯ ದಿನ, ಒಂದು ಲೋಟ ಉಳಿಸುವ ಸಲುವಾಗಿ, ಈಚೆ ದಡಕ್ಕೇ ಬಂದೆ. ಪಾಕದ ಹದ ನೋಡುವುದೂ ಅಷ್ಟರಲ್ಲಿ ನನಗೆ ಬಂದಿತ್ತು. ನೊರೆ ಹಳದಿಗೆ ತಿರುಗಿ, ಆಮೇಲೆ ಕಿತ್ತಳೆಯಾಗಿ, ಇಟ್ಟಿಗೆಯ ಬಣ್ಣಕ್ಕೆ ಬಂದಾಗ ಇಳಿಸಬೇಕು.

“ಅಲ್ಲ ಕಣ್ರೀ, ದಿನಾ ನಡೀತೀರ, ಕಾಫಿಗೂ ಸಕ್ರೆ ಇಲ್ಲ, ಪ್ಯಾಂಟ್ ಯಾಕ್ ಇಂಗ್ ಬಿಗೀತಾದೆ?” ಎಂದು ಸಾವಿತ್ರಿ ಕೇಳಿದಳು.

“ಒಗ್ದು ಒಗ್ದು ಕುಗ್ಗಿರ್ತದೆ,” ಎಂದೆ.

“ಒಗ್ಯೋಳು ನಾನು. ನನ್ ಸೀರೆ ಯಾವ್ದೂ ಕುಗ್ಗಿಲ್ಲ,” ಎಂದಳು.

ಎರಡು ತಿಂಗಳು ತುಂಬಿದ ದಿನ ಕ್ಯಾಲೆಂಡರನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಡಾಕ್ಟರ ಹತ್ತಿರ ಹೋದೆವು. ಒಂದು ದಿನವೂ ತಪ್ಪದ ಕೆಂಪು ಗೆರೆಗಳನ್ನು ನೋಡಿ ಅವರು, “ಇಷ್ಟು ಶಿಸ್ತನ್ನು ನಾನು ಯಾರಲ್ಲೂ ಕಂಡಿಲ್ಲ,” ಎಂದರು. ಸಾವಿತ್ರಿಯ ಮುಖ ಅರಳಿತು. ಆಮೇಲೆ ಅವರು ದೀಪ ಹಚ್ಚಿ ನಳಿಗೆ ಹಿಡಿದರು. ನೀಲಿ ಹಸಿರಾಯಿತು. ಹಸಿರು ನಿಲ್ಲಲಿಲ್ಲ, ಹಳದಿಯಾಯಿತು. ಹಳದಿ ಕಿತ್ತಳೆಯಾಯಿತು. ಅದು ಇಟ್ಟಿಗೆಯ ಬಣ್ಣಕ್ಕೆ ತಿರುಗಿದ ಕ್ಷಣ, ನನಗೆ ಅರಿವಿಲ್ಲದೆಯೇ ಬಾಯಿಂದ ಬಂತು:

“ಹದ ಬಂತು ಸಾರ್. ಇಳಿಸಿಬಿಡಿ.”

ಡಾಕ್ಟರು ನನ್ನ ಮುಖ ನೋಡಿದರು. ಸಾವಿತ್ರಿ ಮೆಲ್ಲಗೆ, “ಯಾವ್ ಅದ?” ಎಂದಳು. ನಾನು ಹೇಳಿದೆ. ಎಲ್ಲವನ್ನೂ, ಲೋಟದ ಗಾತ್ರವನ್ನೂ ಸೇರಿಸಿ. ಮಾತ್ರೆ ಶುರುವಾಯಿತು. ಮನೆಯವರೆಗೂ ಅವಳು ಒಂದೇ ಮಾತಾಡಿದಳು: “ಮಾವಂಗೆ ಕಾಲ್ ಕಟ್ಟಿದ್ದೀನಿ. ಇನ್ನೊಂದ್ ಸಲ ಕಟ್ಟಾಕೆ ನನ್ ಕೈಲಾಗಾಕಿಲ್ಲ ಕಣ್ರೀ.”

ಮಾರನೆಯ ದಿನದಿಂದ ಅವಳೂ ನನ್ನ ಜೊತೆ ನಡೆದಳು. ಆಲೆಮನೆಯ ಮುಂದೆ ನನ್ನ ಲೋಟವನ್ನು ಅವಳೇ ಇಸಿದುಕೊಂಡು ಕುಡಿದಳು. ಗೌಡರ ಪಾಕಕ್ಕೆ ಏನೂ ಆಗಲಿಲ್ಲ. ಮುಂಗಾರು ಹಿಡಿದು ಆಲೆ ನಿಂತಿತು. ಇನ್ನು ಅಡ್ಡಿಯಿಲ್ಲ, ನೀವೊಬ್ಬರೇ ಹೋಗಿಬನ್ನಿ ಎಂದು ಅವಳು ಹೇಳಿದ ದಿನ, ತಣ್ಣಗಾದ ಒಲೆಯ ಮುಂದೆ ನಾನು ಸ್ವಲ್ಪ ಹೊತ್ತು ನಿಂತೆ. ಮಿಕ್ಕ ಒಂದು ಮೈಲಿ ತೀರ ಉದ್ದವೆನಿಸಿತು. ಮಾರನೆಯ ಬೆಳಿಗ್ಗೆ ಸೈಕಲ್ಲಿಗೆ ಗಾಳಿ ಹೊಡೆದೆ.

ವಾರದ ಮೇಲೆ ಸಂತೆಯಲ್ಲಿ ಗೌಡರು ಸಿಕ್ಕರು. “ಯಾಕ್ ಗೇಜಪ್ಪಾರೆ, ಏರಿ ಮ್ಯಾಲ್ ಕಾಣಂಗೇ ಇಲ್ಲ? ಆಲೆ ನಿಂತ್ರೆ ನಾಲೇನೂ ನಿಂತೋಯ್ತದಾ?” ಎಂದರು. ನಾನು ಸಂತೆಯ ಚೀಲವನ್ನು ಹ್ಯಾಂಡಲ್ಲಿಗೆ ಸಿಕ್ಕಿಸಿ ಸೈಕಲ್ ಹತ್ತಿದೆ.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಇಪ್ಪತ್ತು ವರ್ಷ ಅರ್ಧ ಅಂಗುಲವನ್ನೂ ಬಿಡದೆ ಬರೆದವನು ಒಂದು ಸಾಲು ಬಿಟ್ಟಿದ್ದೇನೆ. ಆ ನಾಲ್ಕನೆಯ ದಿನ ನಾನು ಲೋಟ ಹಿಡಿದು ಹಿಂದೆಮುಂದೆ ನೋಡುತ್ತಿದ್ದುದನ್ನು ಕಂಡು, ಕೊಪ್ಪರಿಗೆಯ ಮುಂದಿದ್ದ ಮುದುಕ ಪಾಕದಾಳು ಹತ್ತಿರ ಬಂದು, “ನೀವೇನ್ ಯೋಚ್ನೆ ಮಾಡ್ಬ್ಯಾಡಿ, ನೆನ್ನೇದು ಎಳೇ ಕಬ್ಬು, ಅದ್ಕೇ ಪಾಕ ಕೂರ್ನಿಲ್ಲ,” ಎಂದು ಕಿವಿಯಲ್ಲಿ ಹೇಳಿದ್ದ. ಸ್ಪಷ್ಟವಾಗಿ ಕೇಳಿಸಿತ್ತು. ಆಗ ಲೋಟ ಇನ್ನೂ ತುಂಬಿಯೇ ಇತ್ತು.