ಕುಸುಮಪುರ ಕೈತಪ್ಪಿದ ಬಗ್ಗೆ ಸಂತೋಷ ಸಚಿವರಿಗೆ

ನಗರ ಕಟ್ಟಿ ಆಳುವ ಮೊಬೈಲ್ ಆಟದ ಬಲಮೂಲೆಯಲ್ಲಿ, ಪ್ರಜೆಗಳ ಸಂತೋಷದ ಲೆಕ್ಕವಿಡುತ್ತ ಸದಾ ಮೀಸೆ ತಿರುವುತ್ತ ನಿಂತಿರುವ ಮಾನ್ಯ ಸಂತೋಷ ಸಚಿವರೇ,

ಗಂಗೊಳ್ಳಿಯ ಬೋಟಿನ ಯೋಗೀಶನ ಸಾಷ್ಟಾಂಗ ನಮಸ್ಕಾರಗಳು. ಊಟ ನಿದ್ದೆಯಿಲ್ಲದೆ ತಾವು 'ನಗರದಲ್ಲಿ ಅತೃಪ್ತಿ' ಎಂದು ಕೆಂಪು ಮುಖ ತೋರಿಸುವುದನ್ನು ಕಂಡು, ಇಷ್ಟು ಕಾಳಜಿಯವರು ನಮ್ಮ ಕಡೆಗೂ ಒಬ್ಬರಿರಬಾರದಿತ್ತೇ ಎಂದು ಆಸೆಪಟ್ಟವನು ನಾನು.

ನಾನೂ ತಂಗಿಯ ಗಂಡ ರತೀಶನೂ ಪಾಲಿನಲ್ಲಿ ಹೊಸ ಬೋಟು ಕಟ್ಟಿಸಿದ್ದೇವೆ. ಅದಕ್ಕೆ ನನ್ನ ಹೆಂಡತಿ ಕುಸುಮಳ ಹೆಸರಿಡಬೇಕೆಂದು ನಾನು, 'ಸೀ ಟೈಗರ್' ಎಂದಿಡಬೇಕೆಂದು ಅವನು. ಮಳೆಗಾಲದಲ್ಲಿ ಎರಡು ತಿಂಗಳು ಹೇಗೂ ಮೀನುಗಾರಿಕೆ ನಿಷೇಧ, ಬೋಟುಗಳೆಲ್ಲ ದಡದಲ್ಲಿ. ತಮ್ಮ ಆಟದಲ್ಲಿ ಗೆದ್ದವನು ಹೇಳಿದ್ದೇ ಹೆಸರು ಎಂದು ಪಂಥ ಕಟ್ಟಿದೆವು. ನನ್ನ ಹಳೇ ಬೋಟನ್ನು ಕೊಂಡಾಗಲೇ ಅದರ ಮೇಲೆ 'ಶ್ರೀಲತಾ' ಎಂದು ಬರೆದಿತ್ತು. ಆ ಶ್ರೀಲತಾ ಯಾರೆಂದು ಹದಿನಾಲ್ಕು ವರ್ಷವಾದರೂ ನನಗೆ ಗೊತ್ತಿಲ್ಲ, ಕುಸುಮ ಮಾತ್ರ ಇದನ್ನು ಇಂದಿಗೂ ನಂಬಿಲ್ಲ. ಆದ್ದರಿಂದ ಈ ಪಂಥ ನನಗೆ ಮಕ್ಕಳಾಟವಾಗಿರಲಿಲ್ಲ.

ಕಡಲ ದಂಡೆಯಲ್ಲಿ ಕುಸುಮಪುರವೆಂಬ ನಗರ ಸ್ಥಾಪಿಸಿದೆ. ಮೀನು ತಿಂದು ಜನ ಹೆಚ್ಚಿದರು. ಜನ ಹೆಚ್ಚಿದಷ್ಟೂ ಸಂತೋಷ ಇಳಿಯುತ್ತದೆಂಬ ತಮ್ಮ ಶಾಸ್ತ್ರ, ಮನೆ ತುಂಬ ನೆಂಟರಿದ್ದಾಗಲೇ ಹೆಚ್ಚು ನಗುವ ನಮಗೆ ಹೊಸದು. ಆದರೂ ತಾವು ಹೇಳಿದಂತೆ ಸ್ನಾನಗೃಹ, ಉದ್ಯಾನ ಎಲ್ಲ ಕಟ್ಟಿಸಿದೆ. ತಮ್ಮ ಆಟದಲ್ಲಿ ಒಂದು ಸರದಿಯೆಂದರೆ ಒಂದು ತಿಂಗಳು. ಜೂನ್ ಬಂದದ್ದೇ ನನ್ನ ಕೈ ತನ್ನಷ್ಟಕ್ಕೆ ಕುಸುಮಪುರದ ಮೀನುದೋಣಿಗಳನ್ನೆಲ್ಲ ದಡಕ್ಕೆ ಎಳೆದುಬಿಟ್ಟಿತು. ಮೀನು ಮೊಟ್ಟೆಯಿಡುವ ಕಾಲದಲ್ಲಿ ಬಲೆ ಬೀಸಿ ಈ ಕೈಗೆ ಅಭ್ಯಾಸವಿಲ್ಲ. ಜುಲೈಯಲ್ಲಿ ಕಣಜ ಬರಿದಾಗಿ ಜನ ಉಪವಾಸ ಬಿದ್ದರು. ತಾವು ತಕ್ಷಣ ಪ್ರತ್ಯಕ್ಷರಾಗಿ ರಂಗಮಂದಿರ ಕಟ್ಟಿಸಲು ಸೂಚಿಸಿದಿರಿ. ಹಸಿದವರಿಗೆ ನಾಟಕ ತೋರಿಸುವ ತಮ್ಮ ದೂರದೃಷ್ಟಿಗೆ ಕೈಮುಗಿದು ಅದನ್ನೂ ಕಟ್ಟಿಸಿದೆ. ಅದು ಎದ್ದು ನಿಂತ ಸರದಿಯಲ್ಲೇ ಕುಸುಮಪುರ ದಂಗೆಯೆದ್ದು, ಆಟದ ತನ್ನ ನಗರದಲ್ಲಿ ಹನ್ನೆರಡು ತಿಂಗಳೂ ಬಲೆ ಬೀಸುತ್ತಿದ್ದ ರತೀಶನ ಪಾಲಾಯಿತು. ಆಟದಲ್ಲೂ ದೋಣಿ ಕಟ್ಟಿಹಾಕಿದ ಗಂಡನನ್ನು ಕಂಡು ಕುಸುಮ ಹಣೆ ಚಚ್ಚಿಕೊಂಡಳು.

ಆದ್ದರಿಂದ ತಾವು ಜೂನ್, ಜುಲೈ ಸರದಿಗಳಿಗೆ ರಜೆ ಸಾರಿ, ನನ್ನ ಪ್ರಜೆಗಳಿಗೆ ಗಂಜಿಯನ್ನೂ ಒಣಮೀನಿನ ಚಟ್ನಿಯನ್ನೂ ಒದಗಿಸಿ, ನಗರವನ್ನು ಹಿಂದಿರುಗಿಸಬೇಕು, ಆಗದಿದ್ದರೆ ಖುದ್ದು ಗಂಗೊಳ್ಳಿಗೆ ಬಂದು ಕುಸುಮಳೆದುರು ತಪ್ಪೊಪ್ಪಿಕೊಳ್ಳಬೇಕು ಎಂದು ಕೇಳುವವನಿದ್ದೆ. ಅಷ್ಟರಲ್ಲಿ ಪೇಂಟರ್ ಬಂದು ಬೋಟಿನ ಮೇಲೆ 'ಸೀ ಟೈಗರ್' ಎಂದು ಬರೆದೇಬಿಟ್ಟ. ನನಗೆ ನಿಜಕ್ಕೂ ದುಃಖವಾಗಿ ತಲೆ ತಗ್ಗಿಸಿ ನಿಂತಿದ್ದೆ. ಕುಸುಮ ಅದನ್ನು ಎರಡೆರಡು ಸಲ ಓದಿ, "ಹುಲಿ ಹೆಸ್ರೇ ಇರ್ಲಿ. ಹೆಂಗ್ಸಿನ ಹೆಸ್ರಲ್ಲ ಅಲ್ದಾ, ನಂಗೆ ಅಷ್ಟೇ ಸಾಕ್" ಎಂದಳು.

ಹದಿನಾಲ್ಕು ವರ್ಷಗಳಲ್ಲಿ ಬೋಟೊಂದರ ಮುಂದೆ ಅವಳು ನಕ್ಕದ್ದು ಅದೇ ಮೊದಲು. ಇದಕ್ಕೆ ರಂಗಮಂದಿರ ಬೇಕಾಗಲಿಲ್ಲವೆಂಬುದನ್ನು ತಮ್ಮ ಕಡತದಲ್ಲಿ ಗುರುತು ಹಾಕಿಕೊಳ್ಳಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಯೋಗೀಶ್
ಕುಸುಮಪುರದ ಮಾಜಿ ದೊರೆ

ಮರೆತ ಮಾತು: ವರ್ಷವಿಡೀ ಬಾಚಿದರೂ ಮೀನು ಮುಗಿಯದ ತಮ್ಮ ಆ ಕಡಲು ಎಲ್ಲಿದೆಯೆಂದು ದಯವಿಟ್ಟು ತಿಳಿಸಿ. ನಿಷೇಧ ಮುಗಿದ ಮೊದಲ ದಿನವೇ ಕಡಲಿಗಿಳಿದ 'ಸೀ ಟೈಗರ್' ಖಾಲಿ ಬಲೆಯೊಂದಿಗೆ ಮರಳಿದೆ. ರತೀಶ ದಾರಿ ಕೇಳುತ್ತಿದ್ದಾನೆ.